ಮನೆಯ ಕ್ಯಾಮೆರಾದ ಲಾಗಿನ್ ಯಾರ ಕೈಯಲ್ಲಿದೆ? ಸ್ಮಾರ್ಟ್ ಸಾಧನ ಇರುವ ಮನೆಗೆ ಒಂದು ಮಾರ್ಗದರ್ಶಿ

2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡವು. ಡಾಕ್ಟರ ಹತ್ತಿರ ತೋರಿಸಿಕೊಳ್ಳಲು ಬಂದಿದ್ದ ಹೆಣ್ಣುಮಕ್ಕಳ ದೃಶ್ಯಗಳವು. ಪೂರ್ತಿ ವಿಡಿಯೊ ಬೇಕಾದವರಿಗೆ ಟೆಲಿಗ್ರಾಂನಲ್ಲಿ ದುಡ್ಡಿಗೆ ಮಾರಾಟ. ಆ ಕ್ಯಾಮೆರಾ ವ್ಯವಸ್ಥೆಗೆ ಇದ್ದ ಪಾಸ್‌ವರ್ಡ್ 'ಅಡ್ಮಿನ್123' ಎಂದು ಆಮೇಲೆ ವರದಿಯಾಯಿತು. ಅದೇ ವರ್ಷ ನವೆಂಬರ್ ಕೊನೆಯಲ್ಲಿ ದಕ್ಷಿಣ ಕೊರಿಯಾದ ಪೊಲೀಸರು ನಾಲ್ವರನ್ನು ಹಿಡಿದ ಸುದ್ದಿ ಬಂತು. ಮನೆ, ಅಂಗಡಿಗಳ ಸುಮಾರು 1,20,000 ಕ್ಯಾಮೆರಾಗಳೊಳಗೆ ಅವರು ನುಗ್ಗಿದ್ದರು. ಅಲ್ಲೂ ಕಾರಣ ಅದೇ: ಒಂದೇ ಅಕ್ಷರ ಮತ್ತೆ ಮತ್ತೆ ಒತ್ತಿದ, ಇಲ್ಲವೇ ಸಾಲಾಗಿ ಅಂಕಿ ಹಾಕಿದ ಸುಲಭದ ಪಾಸ್‌ವರ್ಡ್‌ಗಳು.

ಇಂಥ ಸುದ್ದಿ ಓದಿದಾಗ ನಮ್ಮ ಕಣ್ಣ ಮುಂದೆ ಬರುವುದು ಎಲ್ಲೋ ದೂರದಲ್ಲಿ ಕತ್ತಲೆ ಕೋಣೆಯಲ್ಲಿ ಕೂತ ಹ್ಯಾಕರ್. ಅವನೂ ಇದ್ದಾನೆ, ಇಲ್ಲ ಅನ್ನುವಂತಿಲ್ಲ. ಆದರೆ ನಮ್ಮ ಊರುಗಳಲ್ಲಿ ಮನೆಯೊಳಗೆ ಇಣುಕುವ ಅವಕಾಶ ಜಾಸ್ತಿ ಇರುವುದು ಹತ್ತಿರದವರಿಗೇ. ಕ್ಯಾಮೆರಾ ಫಿಟ್ ಮಾಡಿ ಹೋದವರು, ಹಿಂದೆ ಬಾಡಿಗೆಗೆ ಇದ್ದವರು, ಜಗಳವಾಗಿ ದೂರವಾದ ಸಂಬಂಧಿಕರು, ವೈಫೈ ಪಾಸ್‌ವರ್ಡ್ ಇಸಿದುಕೊಂಡ ಪಕ್ಕದ ಮನೆಯ ಹುಡುಗ. ಮನೆಯ ಬೀಗದ ಕೈ ಎಷ್ಟಿವೆ, ಯಾರ್ಯಾರ ಹತ್ತಿರ ಇವೆ ಎಂದು ಕೇಳಿದರೆ ಥಟ್ಟಂತ ಹೇಳುತ್ತೇವೆ. ಕ್ಯಾಮೆರಾದ ಲಾಗಿನ್ ಯಾರ್ಯಾರ ಫೋನಿನಲ್ಲಿದೆ ಎಂದು ಕೇಳಿದರೆ ಬಹಳ ಮನೆಗಳಲ್ಲಿ ಉತ್ತರ ಇಲ್ಲ. ಈ ಬರಹ ಆ ಉತ್ತರ ಹುಡುಕುವ ಕೆಲಸಕ್ಕೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ಕೂತರೆ ಮುಗಿಯುತ್ತದೆ. ಕಂಪ್ಯೂಟರ್ ಕಲಿತಿರಬೇಕು ಅಂತೇನಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೆಟ್ಟಿಂಗ್‌ಗಳ ಹೆಸರು ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ಬದಲಾಗುತ್ತದೆ. ಇಲ್ಲಿ ಹೇಳಿದ ಹೆಸರೇ ಕಾಣದಿದ್ದರೆ ಆ ಅರ್ಥ ಬರುವ ಇನ್ನೊಂದನ್ನು ಹುಡುಕಿ.

ಹಂತ 1: ಮನೆಯಲ್ಲಿ ಏನೇನಿದೆ, ಪಟ್ಟಿ ಮಾಡಿ

ಕಾಗದ, ಪೆನ್ನು ತೆಗೆದುಕೊಳ್ಳಿ. ವೈಫೈಗೆ ಸೇರಿರುವ ಎಲ್ಲವನ್ನೂ ಬರೆಯಿರಿ. ಟಿವಿ, ಕ್ಯಾಮೆರಾ, ಸ್ಪೀಕರ್ ಕೂಡಲೇ ನೆನಪಾಗುತ್ತವೆ. ಎಸಿ, ಗೀಸರ್‌ಗೆ ಹಾಕಿದ ಸ್ಮಾರ್ಟ್ ಪ್ಲಗ್, ಬಣ್ಣ ಬದಲಿಸುವ ಬಲ್ಬು, ನೀರು ಶುದ್ಧ ಮಾಡುವ ಯಂತ್ರ, ಕಸ ಗುಡಿಸುವ ರೋಬೋಟ್, ಮಗುವಿನ ತೊಟ್ಟಿಲ ಹತ್ತಿರದ ಮಾನಿಟರ್, ಬಾಗಿಲಿನ ಡಿಜಿಟಲ್ ಲಾಕ್, ತೂಕ ನೋಡುವ ಮೆಷಿನ್ ಇವು ಮರೆತುಹೋಗುತ್ತವೆ.

ನೆನಪಿನ ಪಟ್ಟಿ ಸಾಲದು. ರೂಟರ್ ಅನ್ನೇ ಕೇಳಬೇಕು. ಮನೆಯ ವೈಫೈಗೆ ಸೇರಿದ ಫೋನಿನಲ್ಲಿ ಬ್ರೌಸರ್ ತೆರೆದು ರೂಟರ್‌ನ ವಿಳಾಸ ಹೊಡೆಯಿರಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ಜಿಯೋ ಫೈಬರ್ ಇದ್ದರೆ 192.168.29.1. ರೂಟರ್‌ನ ಹಿಂದೆ ಅಥವಾ ಅಡಿಯಲ್ಲಿ ಅಂಟಿಸಿರುವ ಸ್ಟಿಕರ್ ಮೇಲೆ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತವೆ. ಒಳಗೆ ಹೋದ ಮೇಲೆ 'ಕನೆಕ್ಟೆಡ್ ಡಿವೈಸಸ್' ಅಥವಾ 'ಕ್ಲೈಂಟ್ ಲಿಸ್ಟ್' ಎಂಬ ಪುಟ ಹುಡುಕಿ.

ಅಲ್ಲಿ ಕಾಣುವ ಹೆಸರುಗಳು ಮೊದಲ ಸಲ ಗಾಬರಿ ಹುಟ್ಟಿಸಬಹುದು. ಫೋನು, ಲ್ಯಾಪ್‌ಟಾಪ್ ಗುರುತು ಸಿಗುತ್ತವೆ. ಆದರೆ 'ಇಎಸ್‌ಪಿ' ಎಂದು ಶುರುವಾಗಿ ಮುಂದೆ ಒಂದಿಷ್ಟು ಅಕ್ಷರ, ಅಂಕಿ ಇರುವ ಹೆಸರು ಕಂಡರೆ? ಹೆದರಬೇಡಿ. ಅಗ್ಗದ ಬಲ್ಬು, ಪ್ಲಗ್‌ಗಳಲ್ಲಿ ಹೆಚ್ಚಾಗಿ ಬಳಸುವ ಎಸ್‌ಪ್ರೆಸಿಫ್ ಕಂಪನಿಯ ಚಿಪ್‌ಗಳು ಹೀಗೇ ಹೆಸರು ಹೇಳಿಕೊಳ್ಳುತ್ತವೆ. ಯಾವುದು ಯಾವುದೆಂದು ತಿಳಿಯಲು ಸುಲಭದ ದಾರಿ: ಒಂದೊಂದೇ ಸಾಧನದ ಸ್ವಿಚ್ ಆರಿಸಿ, ಕೆಲವು ನಿಮಿಷ ಬಿಟ್ಟು ಪುಟವನ್ನು ಮತ್ತೆ ತೆರೆಯಿರಿ. ಪಟ್ಟಿಯಿಂದ ಯಾವ ಹೆಸರು ಹೋಯಿತೋ ಅದೇ ಅದು. ಎಲ್ಲವನ್ನೂ ಗುರುತಿಸಿದ ಮೇಲೂ ಒಂದೆರಡು ಹೆಸರು ಉಳಿದರೆ ಅವು ಬೇರೆಯವರ ಫೋನು ಇರಬಹುದು. ಮುಂದಿನ ಹಂತದಲ್ಲಿ ಅವನ್ನು ಹೊರಗೆ ಹಾಕೋಣ.

ಪಟ್ಟಿಯಲ್ಲಿ ಪ್ರತಿ ಸಾಧನದ ಎದುರು ಮೂರು ವಿಷಯ ಬರೆಯಿರಿ. ಯಾವ ಆ್ಯಪ್‌ನಿಂದ ನಡೆಯುತ್ತದೆ, ಆ ಆ್ಯಪ್‌ನ ಲಾಗಿನ್ ಯಾರ ಫೋನ್ ನಂಬರ್ ಅಥವಾ ಇಮೇಲ್‌ನಲ್ಲಿದೆ, ಬೇರೆ ಯಾರ ಫೋನಿನಲ್ಲಿ ಅದು ತೆರೆಯುತ್ತದೆ. ಎರಡನೆಯ, ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಕಡೆ ದೊಡ್ಡದಾಗಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ನಿಮ್ಮ ನಿಜವಾದ ಕೆಲಸ ಇರುವುದು ಅಲ್ಲಿ.

ಹಂತ 2: ರೂಟರ್ ಭದ್ರ ಮಾಡಿ

ರೂಟರ್‌ಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ವೈಫೈಗೆ ಸೇರಲು. ಇನ್ನೊಂದು, ಈಗಷ್ಟೇ ನೀವು ಬಳಸಿದ್ದು, ರೂಟರ್‌ನ ಸೆಟ್ಟಿಂಗ್ ಒಳಗೆ ಹೋಗಲು. ಬಹಳ ಜನ ಮೊದಲನೆಯದನ್ನು ಬದಲಿಸಿ ಸುಮ್ಮನಾಗುತ್ತಾರೆ. ಎರಡೂ ಬದಲಾಗಬೇಕು. ವೈಫೈ ಪಾಸ್‌ವರ್ಡ್‌ಗೆ ನಾಲ್ಕೈದು ಸಂಬಂಧವಿಲ್ಲದ ಪದ ಸೇರಿಸಿದ ಉದ್ದನೆಯ ಸಾಲು ಒಳ್ಳೆಯದು. ಮನೆ ಹೆಸರು, ಮಗುವಿನ ಹುಟ್ಟಿದ ವರ್ಷ, ಫೋನ್ ನಂಬರ್ ಬೇಡವೇ ಬೇಡ. ಭದ್ರತೆಯ ವಿಧದಲ್ಲಿ ಡಬ್ಲ್ಯುಪಿಎ3 ಇದ್ದರೆ ಅದು, ಇಲ್ಲದಿದ್ದರೆ ಡಬ್ಲ್ಯುಪಿಎ2 ಆರಿಸಿ. ವೈಫೈ ಪಾಸ್‌ವರ್ಡ್ ಬದಲಿಸಿದ ಕೂಡಲೇ ಎಲ್ಲ ಸಾಧನಗಳೂ ಹೊರಬೀಳುತ್ತವೆ. ಒಂದೊಂದನ್ನೇ ಮತ್ತೆ ಸೇರಿಸುವುದು ಬೇಸರದ ಕೆಲಸ, ಆದರೆ ಗುರುತಿಲ್ಲದವರು ಹೊರಗೆ ಉಳಿಯುವುದು ಹೀಗೇ.

ಆಮೇಲೆ 'ಗೆಸ್ಟ್ ನೆಟ್‌ವರ್ಕ್' ಆನ್ ಮಾಡಿ. ಒಂದೇ ರೂಟರ್‌ನಿಂದ ಬೇರೆ ಹೆಸರಿನ ಎರಡನೇ ವೈಫೈ ಸಿಗುತ್ತದೆ. ಬಲ್ಬು, ಪ್ಲಗ್, ಕ್ಯಾಮೆರಾ, ರೋಬೋಟ್ ಎಲ್ಲ ಅದಕ್ಕೆ ಸೇರಲಿ. ಬ್ಯಾಂಕ್ ಕೆಲಸ ಮಾಡುವ ಫೋನು, ಲ್ಯಾಪ್‌ಟಾಪ್ ಮಾತ್ರ ಮೊದಲನೆಯದರಲ್ಲಿ ಇರಲಿ. ಒಂದು ಅಗ್ಗದ ಬಲ್ಬು ಯಾರದೋ ವಶವಾದರೂ ಅದರಿಂದ ನಿಮ್ಮ ಲ್ಯಾಪ್‌ಟಾಪ್ ತನಕ ಬರುವುದು ಕಷ್ಟವಾಗುತ್ತದೆ. ಸೇರಿಸುವಾಗ ನಿಮ್ಮ ಫೋನ್ ಕೂಡ ಸ್ವಲ್ಪ ಹೊತ್ತು ಗೆಸ್ಟ್ ವೈಫೈಯಲ್ಲಿ ಇರಬೇಕಾಗಬಹುದು. ಇಂಥ ಹೆಚ್ಚಿನ ಸಾಧನಗಳಿಗೆ 2.4 ಗಿಗಾಹರ್ಟ್ಸ್ ವೈಫೈಯೇ ಬೇಕು, 5 ಗಿಗಾಹರ್ಟ್ಸ್ ಆಗುವುದಿಲ್ಲ.

ಇನ್ನು 'ಪೋರ್ಟ್ ಫಾರ್ವರ್ಡಿಂಗ್' ಪುಟ, ಅಂದರೆ ಹೊರಗಿನ ಇಂಟರ್‌ನೆಟ್‌ನಿಂದ ಮನೆಯ ಸಾಧನಕ್ಕೆ ನೇರ ದಾರಿ ಬಿಡುವ ಸೆಟ್ಟಿಂಗ್. ಹಳೆಯ ಡಿವಿಆರ್ (ಕ್ಯಾಮೆರಾ ದೃಶ್ಯಗಳನ್ನು ರೆಕಾರ್ಡ್ ಮಾಡುವ ಪೆಟ್ಟಿಗೆ) ಇರುವ ಮನೆಯವರು ಇದನ್ನು ನೋಡಲೇಬೇಕು. ಫೋನಿನಲ್ಲಿ ಕ್ಯಾಮೆರಾ ಕಾಣಲಿ ಎಂದು ಫಿಟ್ ಮಾಡುವವರು ಇಲ್ಲಿ 80, 554, 8000, 37777 ಇಂಥ ಪೋರ್ಟ್‌ಗಳನ್ನು ತೆರೆದಿಟ್ಟಿರುತ್ತಾರೆ. ಹಾಗೆ ಮಾಡಿದರೆ ಡಿವಿಆರ್‌ನ ಲಾಗಿನ್ ಪುಟ ಇಡೀ ಜಗತ್ತಿಗೆ ಕಾಣುತ್ತದೆ. ಅಂಥ ಪುಟಗಳನ್ನು ಹುಡುಕುತ್ತಾ ಹಗಲು ರಾತ್ರಿ ತಿರುಗುವ ಪ್ರೋಗ್ರಾಂಗಳಿವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಮಾಡಿದ್ದು ಇದನ್ನೇ. ಕಂಪನಿಗಳು ಇಟ್ಟು ಕಳಿಸುವ ಅರವತ್ತರಷ್ಟು ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳನ್ನು ಒಂದಾದ ಮೇಲೊಂದು ಪ್ರಯತ್ನಿಸಿ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಇಂಥ ಸಾಧನಗಳ ಪಡೆಯೇ, ವೆಬ್ ತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಬಹಳ ಕಡೆ ಗಂಟೆಗಟ್ಟಲೆ ಸಿಗಲಿಲ್ಲ. ಕ್ಯಾಮೆರಾ ಇಟ್ಟುಕೊಂಡವರಿಗೆ ಅದರ ಸುಳಿವೂ ಇರಲಿಲ್ಲ. ಹಾಗಾಗಿ ಈ ಪುಟದಲ್ಲಿ ನೀವೇ ಬೇಕೆಂದು ಸೇರಿಸದ ಸಾಲುಗಳನ್ನೆಲ್ಲ ಅಳಿಸಿ. ಸಾಧನಗಳು ತಾವಾಗಿ ಪೋರ್ಟ್ ತೆರೆದುಕೊಳ್ಳಲು ಬಿಡುವ 'ಯುಪಿಎನ್‌ಪಿ', ಪಾಸ್‌ವರ್ಡ್ ಹೊಡೆಯದೆ ವೈಫೈಗೆ ಸೇರಲು ಬಿಡುವ 'ಡಬ್ಲ್ಯುಪಿಎಸ್' ಎರಡನ್ನೂ ಆಫ್ ಮಾಡಿ. ಮಕ್ಕಳ ವಿಡಿಯೊ ಗೇಮ್ ಸ್ವಲ್ಪ ತಕರಾರು ಮಾಡಬಹುದು, ಅಷ್ಟೇ.

ಹಂತ 3: ಕ್ಯಾಮೆರಾ, ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೆ ಕೊಡಿ

ಕ್ಯಾಮೆರಾ ಹಾಕಿಸುವ ದಿನ ಏನಾಗುತ್ತದೆ ನೋಡಿ. ಹುಡುಗರು ಬರುತ್ತಾರೆ, ಗೋಡೆ ಕೊರೆದು ವೈರ್ ಎಳೆಯುತ್ತಾರೆ. ಸಂಜೆ ಹೊರಡುವ ಹೊತ್ತಿಗೆ, "ಅಮ್ಮ, ನಿಮ್ ಫೋನ್ ಕೊಡಿ, ಆ್ಯಪ್ ಹಾಕ್ಕೊಡ್ತೀನಿ" ಅನ್ನುತ್ತಾರೆ. ಅಮ್ಮನ ಫೋನಿನಲ್ಲಿ ಒಟಿಪಿ ಬರುವುದು ತಡವಾಗುತ್ತದೆ. "ಪರವಾಗಿಲ್ಲ ಬಿಡಿ ಅಮ್ಮ, ನನ್ ಐಡಿಯಲ್ಲಿ ಹಾಕಿ ನಿಮಗೆ ಶೇರ್ ಮಾಡ್ತೀನಿ, ನಾಳೆ ಏನಾದ್ರೂ ತೊಂದ್ರೆ ಆದ್ರೆ ನಾನೇ ಇಲ್ಲಿಂದ ಸರಿ ಮಾಡ್ಬೋದು." ಆತನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲದೆ ಇರಬಹುದು. ಆದರೆ ಆ ಕ್ಷಣದಿಂದ ನಿಮ್ಮ ಮನೆಯ ಕ್ಯಾಮೆರಾಗಳ ಯಜಮಾನ ಆತ. ನೀವು ಅತಿಥಿ. ಆತ ಆ ಕೆಲಸ ಬಿಟ್ಟರೂ, ಫೋನ್ ಕಳೆದುಕೊಂಡರೂ, ಆ ಫೋನನ್ನು ಇನ್ನೊಬ್ಬರಿಗೆ ಮಾರಿದರೂ ಆ ಲಾಗಿನ್ ಹಾಗೇ ಇರುತ್ತದೆ.

ನೀವು ಯಜಮಾನರೋ ಅತಿಥಿಯೋ ಎಂದು ತಿಳಿಯುವುದು ಹೀಗೆ. ಆ್ಯಪ್ ತೆರೆದು ಕ್ಯಾಮೆರಾದ ಸೆಟ್ಟಿಂಗ್‌ಗೆ ಹೋಗಿ. 'ಶೇರ್ ಡಿವೈಸ್' ಎಂಬ ಆಯ್ಕೆ ಇದ್ದು, ಯಾರ್ಯಾರಿಗೆ ಹಂಚಿದೆ ಎಂಬ ಪಟ್ಟಿ ಕಾಣುತ್ತಿದ್ದರೆ ನೀವೇ ಯಜಮಾನರು. ಆ ಪಟ್ಟಿಯಲ್ಲಿ ಬೇಡದವರ ಹೆಸರು ತೆಗೆಯಿರಿ. ಬದಲಿಗೆ 'ಶೇರ್ಡ್ ಫ್ರಮ್' ಎಂದು ಬೇರೆ ಯಾರದೋ ನಂಬರ್ ಇದ್ದರೆ, ಅಥವಾ ಪಾಸ್‌ವರ್ಡ್, ಅಪ್‌ಡೇಟ್‌ನಂಥ ಆಯ್ಕೆಗಳೇ ಕಾಣದಿದ್ದರೆ, ಕ್ಯಾಮೆರಾ ಇನ್ನೊಬ್ಬರ ಖಾತೆಯಲ್ಲಿದೆ. ಫಿಟ್ ಮಾಡಿದವರಿಗೆ ಫೋನ್ ಮಾಡಿ, ಅವರ ಖಾತೆಯಿಂದ ಸಾಧನವನ್ನು ಡಿಲೀಟ್ ಮಾಡಲು ಹೇಳಿ. ಸಂಕೋಚ ಬೇಡ. "ನಮ್ಮ ಮನೇದು ನಮ್ಮ ಖಾತೆಯಲ್ಲೇ ಇರಲಿ" ಅಂದರೆ ಸಾಕು, ಅದಕ್ಕಿಂತ ಹೆಚ್ಚಿನ ಕಾರಣ ಕೊಡಬೇಕಾಗಿಲ್ಲ. ಆಮೇಲೆ ನಿಮ್ಮ ನಂಬರಿನಲ್ಲಿ ಹೊಸದಾಗಿ ಸೇರಿಸಿಕೊಳ್ಳಿ. ಅವರು ಸಿಗದಿದ್ದರೆ ಬಿಲ್ ಮತ್ತು ಕ್ಯಾಮೆರಾದ ಸೀರಿಯಲ್ ನಂಬರ್ ಇಟ್ಟುಕೊಂಡು ಕಂಪನಿಯ ಗ್ರಾಹಕ ಸೇವೆಗೆ ಕೇಳಿ. ಹಳೆಯ ಖಾತೆಯಿಂದ ಬಿಡಿಸಿಕೊಡಲು ಅವರು ಸಾಮಾನ್ಯವಾಗಿ ಇಂಥ ದಾಖಲೆ ಕೇಳುತ್ತಾರೆ.

ಡಿವಿಆರ್ ಇದ್ದರೆ ಆ್ಯಪ್ ಒಂದೇ ನೋಡಿದರೆ ಸಾಲದು. ಟಿವಿ ಅಥವಾ ಮಾನಿಟರ್‌ಗೆ ಜೋಡಿಸಿ, ಮೌಸ್ ಹಿಡಿದು ಮೆನುವಿನಲ್ಲಿ 'ಯೂಸರ್' ಅಥವಾ 'ಅಕೌಂಟ್' ಪುಟ ತೆರೆಯಿರಿ. ಅಲ್ಲಿ ಅಡ್ಮಿನ್ ಬಿಟ್ಟು ಬೇರೆ ಹೆಸರಿದ್ದರೆ ತೆಗೆದುಹಾಕಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಬಹಳ ಜನ ಗಮನಿಸದ ಒಂದು ಜಾಗ ಇದೆ. ಪಾಸ್‌ವರ್ಡ್ ಮರೆತರೆ ಹೊಸದು ಕಳಿಸಲು ಒಂದು ಇಮೇಲ್ ಅಥವಾ ಫೋನ್ ನಂಬರ್ ಅಲ್ಲೇ ಕೊಟ್ಟಿರುತ್ತಾರೆ. ಹೆಚ್ಚಿನ ಸಲ ಅದು ಫಿಟ್ ಮಾಡಿದವರದ್ದೇ. ಅದು ಹಾಗೇ ಉಳಿದರೆ ನೀವು ಎಂಥ ಪಾಸ್‌ವರ್ಡ್ ಇಟ್ಟರೂ ಅದನ್ನು ಬದಲಿಸುವ ದಾರಿ ಅವರ ಕೈಯಲ್ಲಿರುತ್ತದೆ. ನಿಮ್ಮ ಇಮೇಲ್ ಹಾಕಿ.

ಕ್ಯಾಮೆರಾ ಅಥವಾ ಡಿವಿಆರ್ ಮೇಲಿನ ಕ್ಯೂಆರ್ ಸ್ಟಿಕರ್ ವಿಷಯದಲ್ಲೂ ಜಾಗ್ರತೆ ಇರಲಿ. ಅದರಲ್ಲಿ ಸಾಧನದ ಗುರುತಿನ ಸಂಖ್ಯೆ ಇರುತ್ತದೆ, ಕೆಲವದರಲ್ಲಿ ವೆರಿಫಿಕೇಶನ್ ಕೋಡ್ ಕೂಡ. ಅದರ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ "ಇದು ಹೇಗೆ ಸೇರಿಸೋದು?" ಎಂದು ಕೇಳಬೇಡಿ. ಆ್ಯಪ್‌ನಲ್ಲಿ ಎರಡು ಹಂತದ ಲಾಗಿನ್ ಇದ್ದರೆ ಆನ್ ಮಾಡಿ. 'ಫರ್ಮ್‌ವೇರ್ ಅಪ್‌ಡೇಟ್' (ಸಾಧನದೊಳಗಿನ ಸಾಫ್ಟ್‌ವೇರ್‌ನ ಹೊಸ ರೂಪ) ಬಂದಿದ್ದರೆ ಹಾಕಿಕೊಳ್ಳಿ.

ಎಲ್ಲ ಸರಿ ಮಾಡಿದ ಮೇಲೂ ತಪ್ಪು ಕಂಪನಿಯ ಕಡೆಯಿಂದಲೇ ಆಗಬಹುದು. 2024ರ ಫೆಬ್ರುವರಿಯಲ್ಲಿ ವೈಜ್ ಎಂಬ ಅಮೆರಿಕದ ಕಂಪನಿಯ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಕ್ಯಾಮೆರಾ ಚಿತ್ರಗಳು ಕಾಣಿಸಿದವು. ಅಮೆಜಾನ್‌ನ ರಿಂಗ್ ಕಂಪನಿ ತನ್ನ ನೌಕರರಿಗೆ ಗ್ರಾಹಕರ ವಿಡಿಯೊ ನೋಡಲು ಬಿಟ್ಟಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರಿತು. 2023ರಲ್ಲಿ 58 ಲಕ್ಷ ಡಾಲರ್ ಕೊಟ್ಟು ರಿಂಗ್ ಅದನ್ನು ಇತ್ಯರ್ಥ ಮಾಡಿಕೊಂಡಿತು. ಪಾಸ್‌ವರ್ಡ್ ಎಷ್ಟು ಗಟ್ಟಿಯಾಗಿದ್ದರೂ ಇಂಥದ್ದನ್ನು ತಡೆಯಲಾಗದು. ಇದಕ್ಕೆ ಇರುವ ಉಪಾಯ ಒಂದೇ: ಸೋರಿದರೆ ಮಾನ ಹೋಗುವಂಥದ್ದು ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಅದನ್ನು ಇಡುವುದು.

ಗೇಟು, ಹೊರಬಾಗಿಲು, ಕಾರು ನಿಲ್ಲಿಸುವ ಜಾಗ, ಮೆಟ್ಟಿಲು ಇಲ್ಲೆಲ್ಲ ಕ್ಯಾಮೆರಾ ಇರಲಿ. ಮಲಗುವ ಕೋಣೆ, ಬಟ್ಟೆ ಬದಲಿಸುವ ಜಾಗ, ಸ್ನಾನದ ಮನೆಯ ಬಾಗಿಲು ಕಾಣುವ ಓಣಿ ಬೇಡ. ಹಾಲ್‌ನಲ್ಲಿ ಬೇಕೇಬೇಕು ಅನ್ನುವವರು ಅದನ್ನು ಮುಂಬಾಗಿಲ ಕಡೆಗೆ ತಿರುಗಿಸಿ, ಸೋಫಾ ಕಡೆಗೆ ಬೇಡ. ಮನೆಯಲ್ಲಿ ಜನ ಇರುವಾಗ ಅದರ ಪ್ಲಗ್ ತೆಗೆದುಬಿಡಿ. ಧ್ವನಿ ರೆಕಾರ್ಡಿಂಗ್ ಆಫ್ ಮಾಡಿ. ಬಾಗಿಲಿಗೆ ಬಂದವರ ಮುಖ ಕಂಡರೆ ಸಾಕು, ಅವರ ಮಾತು ನಮಗೇಕೆ? ಪಕ್ಕದ ಮನೆಯ ಕಿಟಕಿ, ಅವರ ಬಟ್ಟೆ ಒಣಗಿಸುವ ತಂತಿ ಕಾಣುತ್ತಿದ್ದರೆ 'ಪ್ರೈವೆಸಿ ಮಾಸ್ಕ್' ಎಂಬ ಸೆಟ್ಟಿಂಗ್‌ನಲ್ಲಿ ಆ ಭಾಗಕ್ಕೆ ಕಪ್ಪು ಚೌಕ ಹಾಕಬಹುದು. ಹೆಚ್ಚಿನ ಡಿವಿಆರ್‌ಗಳಲ್ಲಿ ಇದು ಇದೆ, ಬಳಸುವವರು ಕಮ್ಮಿ.

ಊರಿನಲ್ಲಿರುವ ಅಪ್ಪ ಅಮ್ಮನ ಮನೆ

ಇದನ್ನು ಬೇರೆಯಾಗಿಯೇ ಹೇಳಬೇಕು. ಮಗ ಅಮೆರಿಕದಲ್ಲಿ, ಮಗಳು ದುಬೈಯಲ್ಲಿ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಅಪ್ಪ ಅಮ್ಮ ಇಬ್ಬರೇ. ರಜೆಗೆ ಬಂದ ಮಕ್ಕಳು ಹೊರಡುವ ಮುಂಚೆ ಹಾಲ್, ಅಡುಗೆಮನೆ, ಅಪ್ಪ ಮಲಗುವ ಕೋಣೆ ಎಲ್ಲ ಕಡೆ ಕ್ಯಾಮೆರಾ ಹಾಕಿಸಿ ಹೋಗುತ್ತಾರೆ. ಅವರ ಕಾಳಜಿ ನಿಜವಾದದ್ದು. ಅಪ್ಪ ಬಿದ್ದರೆ ಯಾರು ನೋಡುತ್ತಾರೆ ಎಂಬ ಭಯ ದೂರದಲ್ಲಿರುವವರಿಗೇ ಗೊತ್ತು.

ಆದರೆ ದಿನವಿಡೀ ತಮ್ಮನ್ನು ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಿರುವ ತಾಯಿ ಸೆಖೆಗೆ ಸೆರಗು ಸಡಿಲಿಸಿ ಕೂರುವುದಿಲ್ಲ. ಪಕ್ಕದ ಮನೆಯವರ ಹತ್ತಿರ ಸೊಸೆಯ ಮಾತು ತೆಗೆಯುವುದಿಲ್ಲ. ತನ್ನ ಮನೆಯಲ್ಲೇ ಮೈ ಹಿಡಿಮಾಡಿಕೊಂಡು ಇರುತ್ತಾಳೆ. ಬಾಯಿಬಿಟ್ಟು ಬೇಡ ಅನ್ನುವುದೂ ಇಲ್ಲ, ಮಕ್ಕಳಿಗೆ ಬೇಜಾರಾಗಬಾರದಲ್ವಾ? ಹಾಗಾಗಿ ಕೇಳುವ ಹೊಣೆ ಮಕ್ಕಳದ್ದು. ಯಾವ ಯಾವ ಜಾಗ ಕಾಣುತ್ತದೆ ಎಂದು ಫೋನಿನಲ್ಲಿ ಅವರಿಗೇ ತೋರಿಸಿ. ಯಾರ್ಯಾರು ನೋಡುತ್ತಾರೆ ಎಂದು ಹೆಸರು ಹಿಡಿದು ಹೇಳಿ. ಅಳಿಯನ ಫೋನಿನಲ್ಲೂ ಇದೆ ಎಂದು ಅತ್ತೆಗೆ ಗೊತ್ತಿರಬೇಕು. ಆಫ್ ಮಾಡುವುದು ಹೇಗೆಂದು ಅವರಿಗೆ ಕಲಿಸಿಕೊಡಿ, ಆಫ್ ಮಾಡಿದಾಗ "ಯಾಕೆ ಆಫ್ ಮಾಡಿದ್ರಿ?" ಎಂದು ಕೇಳಬೇಡಿ. ಬೀಳುವ ಭಯಕ್ಕೆ ಕ್ಯಾಮೆರಾ ಒಂದೇ ದಾರಿಯಲ್ಲ. ಬಿದ್ದದ್ದನ್ನು ಗುರುತಿಸಿ ಫೋನ್ ಮಾಡುವ ಕೈಗಡಿಯಾರಗಳಿವೆ, ಒತ್ತಿದರೆ ಕರೆ ಹೋಗುವ ಗುಂಡಿಗಳಿವೆ. ಮನೆಗೆಲಸಕ್ಕೆ, ಆರೈಕೆಗೆ ಬರುವವರಿಗೂ ಕ್ಯಾಮೆರಾ ಎಲ್ಲೆಲ್ಲಿದೆ ಎಂದು ಮೊದಲ ದಿನವೇ ಹೇಳಿ. ಅವರು ಬಟ್ಟೆ ಬದಲಿಸುವ, ಊಟ ಮಾಡಿ ಸ್ವಲ್ಪ ಮಲಗುವ ಜಾಗ ಬಿಟ್ಟಿರಲಿ.

ಒಟ್ಟಿಗೆ ಇರುವ ಕುಟುಂಬದಲ್ಲಿ ಇದು ಬರೀ ಮರ್ಯಾದೆಯ ಮಾತಲ್ಲ. ಒಂದೇ ಮನೆಯಲ್ಲಿ ವಾಸಿಸುವ ಒಡಹುಟ್ಟಿದವರ ವ್ಯಾಜ್ಯದಲ್ಲಿ, ಜೊತೆಗಿರುವವರ ಒಪ್ಪಿಗೆ ಇಲ್ಲದೆ ಮನೆಯೊಳಗೆ ಸಿಸಿಟಿವಿ ನಡೆಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ. ಇಂಥ ತೀರ್ಪುಗಳ ಬುಡದಲ್ಲಿ ಇರುವುದು ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಕೊಟ್ಟ ತೀರ್ಪು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲೇರಿ ಅವರು ಗೆದ್ದುಕೊಟ್ಟ ಹಕ್ಕು, ಅಜ್ಜ ಅಜ್ಜಿಯರಿಗೂ ಸೇರಿದ್ದು.

ಹಂತ 4: ಮಾತು ಕೇಳುವ ಸ್ಪೀಕರ್

ಅಲೆಕ್ಸಾ, ಗೂಗಲ್ ಸ್ಪೀಕರ್‌ಗಳು ತಮ್ಮ ಹೆಸರು ಕೇಳಿದ ಮೇಲಷ್ಟೇ ಮಾತನ್ನು ಕಂಪನಿಗೆ ಕಳಿಸುತ್ತವೆ. ಆದರೆ ಹೆಸರು ಕೇಳಿಸಿತು ಎಂದು ತಪ್ಪು ತಿಳಿಯುವುದೂ ಉಂಟು. 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ದಂಪತಿಯ ಮನೆಮಾತನ್ನು ಅಲೆಕ್ಸಾ ಇರುವ ಅಮೆಜಾನ್‌ನ ಎಕೋ ಸ್ಪೀಕರ್ ರೆಕಾರ್ಡ್ ಮಾಡಿ, ಅವರ ಪರಿಚಯದವರೊಬ್ಬರಿಗೆ ತಾನಾಗಿ ಕಳಿಸಿಬಿಟ್ಟಿತ್ತು. ಹೀಗೆ ಸೇರಿದ ಧ್ವನಿಯ ತುಣುಕುಗಳನ್ನು ಕೇಳಿ ಬರೆದುಕೊಳ್ಳಲು ಅಮೆಜಾನ್ ಜನರನ್ನೇ ಇಟ್ಟಿದೆ, ಭಾರತದಲ್ಲೂ ಇಟ್ಟಿದೆ ಎಂದು 2019ರಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು. ಮಕ್ಕಳ ಧ್ವನಿಯನ್ನು ಅಳಿಸದೆ ಇಟ್ಟುಕೊಂಡ ದೂರಿಗೆ 2023ರಲ್ಲಿ ಅದೇ ಕಂಪನಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು.

ಅಲೆಕ್ಸಾ ಆ್ಯಪ್‌ನಲ್ಲಿ 'ಮೋರ್' ಒತ್ತಿ, 'ಅಲೆಕ್ಸಾ ಪ್ರೈವೆಸಿ'ಗೆ ಹೋಗಿ. ಮೊದಲು 'ವಾಯ್ಸ್ ಹಿಸ್ಟರಿ' ತೆರೆದು ಕೇಳಿ. ನೀವು ಕರೆಯದೆ ಇದ್ದಾಗಲೂ ಸೇರಿಕೊಂಡ ತುಣುಕು ಸಿಗಬಹುದು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೇಳಿಸಿ, ಆಮೇಲೆ ಯಾರಿಗೂ ಬೇರೆ ವಿವರಣೆ ಬೇಕಾಗುವುದಿಲ್ಲ. ನಂತರ ಎಲ್ಲ ಅಳಿಸಿ, ಧ್ವನಿ ಉಳಿಸಬೇಡ ಎಂಬ ಆಯ್ಕೆ ಒತ್ತಿ. ಅಲೆಕ್ಸಾ ಸುಧಾರಣೆಗೆ ಧ್ವನಿ ಬಳಸುವ ಆಯ್ಕೆಯನ್ನು ಆಫ್ ಮಾಡಿ. ಇಷ್ಟು ಮಾಡಿದರೂ ಮಾತು ಕಂಪನಿಯ ಸರ್ವರ್‌ಗೆ ಹೋಗಿಯೇ ಉತ್ತರ ಬರುವುದು, ಅದು ನೆನಪಿರಲಿ. ಗೂಗಲ್‌ನಲ್ಲಾದರೆ ನಿಮ್ಮ ಖಾತೆಯ 'ಮೈ ಆ್ಯಕ್ಟಿವಿಟಿ' ಪುಟದಲ್ಲಿ ಧ್ವನಿ ಉಳಿಸುವ ಆಯ್ಕೆಯ ಟಿಕ್ ತೆಗೆಯಿರಿ.

ಅಲೆಕ್ಸಾದ 'ಡ್ರಾಪ್ ಇನ್' ಬಗ್ಗೆ ವಿಶೇಷ ಗಮನ ಕೊಡಿ. ಅನುಮತಿ ಇರುವವರು ಕರೆ ಮಾಡಿದರೆ ಈ ಕಡೆ ಯಾರೂ ಎತ್ತದೆಯೇ ಮಾತು ಕೇಳಿಸತೊಡಗುತ್ತದೆ. ವಯಸ್ಸಾದವರ ಮನೆಗೆ ಅನುಕೂಲ, ಒಪ್ಪಿಗೆ ಇಲ್ಲದೆ ಆನ್ ಮಾಡಿದ್ದರೆ ಕದ್ದು ಕೇಳಿದ ಹಾಗೇ. ಯಾರಿಗೆ ಅನುಮತಿ ಇದೆ ನೋಡಿ, ಬೇಡದಿದ್ದರೆ ಆಫ್ ಮಾಡಿ. ಮಲಗುವ ಕೋಣೆಯಲ್ಲಿ ಸ್ಪೀಕರ್ ಇಡಬೇಡಿ. ಡಾಕ್ಟರ ಜೊತೆ, ಬ್ಯಾಂಕಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ಮೇಲಿನ ಮೈಕ್ ಗುಂಡಿ ಒತ್ತಿ. ಕೆಂಪು ದೀಪ ಬಂದರೆ ಮೈಕ್ ಬಂದ್ ಆಗಿದೆ ಎಂದು ಅರ್ಥ.

ಹಂತ 5: ಟಿವಿಯೂ ನಿಮ್ಮನ್ನು ನೋಡುತ್ತದೆ

ಕ್ಯಾಮೆರಾ ಇಲ್ಲದ ಟಿವಿಯಿಂದ ಏನು ಭಯ ಎಂದು ಕೇಳಬಹುದು. ಪರದೆ ಮೇಲೆ ಬರುವ ಚಿತ್ರ, ಧ್ವನಿಯ ಮಾದರಿಯನ್ನು ಕ್ಷಣಕ್ಷಣಕ್ಕೂ ತೆಗೆದು, ನೀವು ನೋಡುತ್ತಿರುವುದು ಏನೆಂದು ಗುರುತಿಸುವ ತಂತ್ರ ಹೊಸ ಟಿವಿಗಳಲ್ಲಿದೆ. ಅದನ್ನು ಎಸಿಆರ್ ಅನ್ನುತ್ತಾರೆ. 1.1 ಕೋಟಿ ಟಿವಿಗಳಿಂದ ಹೀಗೆ ಹೇಳದೆ ಕೇಳದೆ ಮಾಹಿತಿ ಎತ್ತಿದ್ದಕ್ಕೆ ವಿಜಿಯೊ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ತೆತ್ತಿತು. 2024ರಲ್ಲಿ ಸಂಶೋಧಕರು ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳನ್ನು ಪರೀಕ್ಷಿಸಿದಾಗ, ಎಚ್‌ಡಿಎಂಐ ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಬರೀ ಪರದೆಯಾಗಿ ಬಳಸುವಾಗಲೂ ಇದು ನಡೆಯುತ್ತಿತ್ತು. ಒಳ್ಳೆಯ ವಿಷಯವೆಂದರೆ, ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದ ಮೇಲೆ ನಿಂತಿತು.

ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು 'ವ್ಯೂವಿಂಗ್ ಇನ್ಫರ್ಮೇಶನ್ ಸರ್ವೀಸಸ್', ಎಲ್‌ಜಿಯಲ್ಲಿ 'ಲೈವ್ ಪ್ಲಸ್', ಸೋನಿಯ ಕೆಲವು ಮಾಡೆಲ್‌ಗಳಲ್ಲಿ 'ಸಾಂಬಾ ಇಂಟರ್‌ಆ್ಯಕ್ಟಿವ್ ಟಿವಿ'. ಹುಡುಕಿ ಆಫ್ ಮಾಡಿ. ಗೂಗಲ್ ಟಿವಿ, ಆಂಡ್ರಾಯ್ಡ್ ಟಿವಿಗಳಲ್ಲಿ 'ಯೂಸೇಜ್ ಆ್ಯಂಡ್ ಡಯಾಗ್ನಾಸ್ಟಿಕ್ಸ್' ಆಫ್ ಮಾಡಿ, ಜಾಹೀರಾತು ಐಡಿಯನ್ನು ಅಳಿಸಿ. ಟಿವಿಯನ್ನು ಮೊದಲ ಸಲ ಹಚ್ಚುವಾಗ ಅಂಗಡಿಯವರು ಎಲ್ಲಕ್ಕೂ 'ಒಪ್ಪಿದೆ' ಒತ್ತಿಬಿಡುತ್ತಾರೆ. ರಿಮೋಟ್ ನಿಮ್ಮ ಕೈಯಲ್ಲಿರಲಿ.

ಹಂತ 6: ಉಳಿದವು

ಬಲ್ಬು, ಪ್ಲಗ್‌ಗಳು ಗೆಸ್ಟ್ ವೈಫೈಯಲ್ಲಿದ್ದರೆ ಸಾಕು. ಆದರೆ ಅವುಗಳ ಆ್ಯಪ್‌ಗೆ ಕಾಂಟ್ಯಾಕ್ಟ್ಸ್, ಫೋಟೊ, ಮೈಕ್ ಅನುಮತಿ ಏಕೆ? ಫೋನಿನ ಸೆಟ್ಟಿಂಗ್‌ನಲ್ಲಿ ತೆಗೆದುಹಾಕಿ.

ಕಸ ಗುಡಿಸುವ ರೋಬೋಟ್‌ಗೆ ಕ್ಯಾಮೆರಾ ಇದೆಯೇ ನೋಡಿ. ರೂಂಬಾದ ಪರೀಕ್ಷಾ ಯಂತ್ರಗಳು ಮನೆಗಳೊಳಗೆ ತೆಗೆದ ಚಿತ್ರಗಳು, ಶೌಚಾಲಯದಲ್ಲಿ ಕೂತ ಹೆಂಗಸಿನ ಚಿತ್ರವೂ ಸೇರಿದಂತೆ, ಅವುಗಳಿಗೆ ಗುರುತು ಹಾಕುವ ಕೆಲಸಗಾರರ ಮೂಲಕ ಫೇಸ್‌ಬುಕ್ ತನಕ ಹೋಗಿದ್ದನ್ನು 2022ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಬಯಲು ಮಾಡಿತು. ಕ್ಯಾಮೆರಾ ಇಲ್ಲದೆ ಲೇಸರ್‌ನಲ್ಲಿ ದಾರಿ ಹುಡುಕುವ ಮಾಡೆಲ್‌ಗಳಿವೆ, ಅವೇ ಇರಲಿ.

ಮಾತಾಡುವ ಆಟಿಕೆಗಳನ್ನು ನಾನಂತೂ ಬೇಡ ಎಂದೇ ಹೇಳುತ್ತೇನೆ. ಕೇಲಾ ಎಂಬ ಗೊಂಬೆಯನ್ನು ಜರ್ಮನಿ 2017ರಲ್ಲಿ ನಿಷೇಧಿಸಿತು, ಅದು ಕದ್ದು ಕೇಳುವ ಸಾಧನವೇ ಎಂದು. ಮಗುವಿಗೆ ಬೇಡ ಅನ್ನುವ ಬುದ್ಧಿ ಇನ್ನೂ ಬಂದಿರುವುದಿಲ್ಲ.

ಹಂತ 7: ಹೊಸದು ಕೊಳ್ಳುವಾಗ, ಹಳೆಯದು ಕೊಡುವಾಗ

ಅಂಗಡಿಯಲ್ಲಿ ಇಷ್ಟು ಕೇಳಿ. ಇಂಟರ್‌ನೆಟ್ ಇಲ್ಲದೆಯೂ ಇದು ಕೆಲಸ ಮಾಡುತ್ತದೆಯೇ? ರೆಕಾರ್ಡಿಂಗ್ ಮನೆಯಲ್ಲೇ ಕಾರ್ಡ್ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ ಉಳಿಯುತ್ತದೆಯೇ, ಬರೀ ಕ್ಲೌಡ್‌ನಲ್ಲೇ, ಅಂದರೆ ಕಂಪನಿಯ ಸರ್ವರ್‌ನಲ್ಲೇ? ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ? ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್ ಇಟ್ಟು ಸಾಧನ ಮಾರುವುದಕ್ಕೇ ನಿಷೇಧವಿದೆ. ನಮ್ಮಲ್ಲೂ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಪಾಸಾಗಬೇಕೆಂಬ ನಿಯಮ 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆ ಸರ್ಟಿಫಿಕೇಟ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಎಸ್‌ಟಿಕ್ಯೂಸಿ. ಹಾಗಾಗಿ 'ಎಸ್‌ಟಿಕ್ಯೂಸಿ ಸರ್ಟಿಫಿಕೇಟ್ ಇದೆಯಾ?' ಎಂದು ಕೇಳುವುದು ನಿಮ್ಮ ಹಕ್ಕು. ಹೆಸರೇ ಇಲ್ಲದ ಅಗ್ಗದ ಕ್ಯಾಮೆರಾ ಆನ್‌ಲೈನ್‌ನಲ್ಲಿ ಕಂಡರೆ ಬಿಟ್ಟುಬಿಡಿ.

ಮಾರುವಾಗ, ಎಕ್ಸ್‌ಚೇಂಜ್‌ಗೆ ಕೊಡುವಾಗ ಮೊದಲು ಆ್ಯಪ್‌ನಿಂದ ಸಾಧನ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಕ್ಯಾಮೆರಾದ ಮೆಮೊರಿ ಕಾರ್ಡ್, ಡಿವಿಆರ್‌ನ ಹಾರ್ಡ್ ಡಿಸ್ಕ್ ನೀವೇ ಇಟ್ಟುಕೊಳ್ಳಿ. ರಿಪೇರಿಗೆ ಕೊಡುವಾಗಲೂ ಅಷ್ಟೇ, ಡಿಸ್ಕ್ ಬಿಚ್ಚಿ ಕೊಡಿ. ಬಾಡಿಗೆ ಮನೆಗೆ ಹೊಸದಾಗಿ ಹೋದವರು ಡಿಜಿಟಲ್ ಲಾಕ್‌ನ ಹಳೆಯ ಪಿನ್, ಬೆರಳಚ್ಚುಗಳನ್ನೆಲ್ಲ ಅಳಿಸಿಸಿ. ಓನರ್ ಹಾಕಿದ ಕ್ಯಾಮೆರಾ ಮನೆಯೊಳಗೆ ಇದ್ದರೆ ಸಾಮಾನು ಇಳಿಸುವ ಮುಂಚೆಯೇ ತೆಗೆಸಿ.

ಯಾರೋ ನೋಡುತ್ತಿದ್ದಾರೆ ಎಂಬ ಅನುಮಾನ ಬಂದರೆ

ಕ್ಯಾಮೆರಾ ತಾನಾಗಿ ತಿರುಗುತ್ತಿದೆ, ಸೆಟ್ಟಿಂಗ್ ಬದಲಾಗಿದೆ, ಗೊತ್ತಿಲ್ಲದ ಫೋನಿನಿಂದ ಲಾಗಿನ್ ಆದ ಸಂದೇಶ ಬಂದಿದೆ, ಮನೆಯೊಳಗೆ ಆಡಿದ ಮಾತು ಹೊರಗಿನವರ ಬಾಯಲ್ಲಿ ಬರುತ್ತಿದೆ. ಇಂಥ ಹೊತ್ತಿನಲ್ಲಿ ಮೊದಲು ಪ್ಲಗ್ ಕಿತ್ತುಹಾಕಿ. ಆದರೆ ಕೂಡಲೇ ರೀಸೆಟ್ ಮಾಡಬೇಡಿ. ಯಾರು, ಯಾವಾಗ, ಎಲ್ಲಿಂದ ಒಳಗೆ ಬಂದರು ಎಂಬ ಗುರುತು ರೀಸೆಟ್ ಮಾಡಿದರೆ ಅಳಿಸಿಹೋಗುತ್ತದೆ. ಆ್ಯಪ್‌ನ ಲಾಗಿನ್ ಪಟ್ಟಿ, ಶೇರ್ ಪಟ್ಟಿ, ಬಂದ ಸಂದೇಶ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಬೇರೆ ಫೋನಿನಿಂದ ಖಾತೆಯ ಪಾಸ್‌ವರ್ಡ್ ಬದಲಿಸಿ, 'ಎಲ್ಲ ಸಾಧನಗಳಿಂದ ಲಾಗ್ ಔಟ್' ಎಂಬ ಆಯ್ಕೆ ಇದ್ದರೆ ಒತ್ತಿ.

ಆಮೇಲೆ 1930ಕ್ಕೆ ಕರೆ ಮಾಡಿ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಹೆಂಗಸರು, ಮಕ್ಕಳಿಗೆ ಸಂಬಂಧಿಸಿದ ದೂರುಗಳಿಗೆ ಅಲ್ಲಿ ಬೇರೆಯೇ ವಿಭಾಗ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. ಹತ್ತಿರದ ಪೊಲೀಸ್ ಠಾಣೆಗೂ ಹೋಗಬಹುದು. ಒಪ್ಪಿಗೆ ಇಲ್ಲದೆ ಒಬ್ಬರ ಗುಪ್ತಾಂಗದ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಅಪರಾಧ. ಮೂರು ವರ್ಷದ ತನಕ ಜೈಲು, ಎರಡು ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ ಆಗಬಹುದು. ಹೆಂಗಸರ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದಕ್ಕೆ, ಸೆರೆಹಿಡಿಯುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದೆ. ನೋಡಿದವನು ಗಂಡನ ಅಣ್ಣನಾಗಿರಲಿ, ಮನೆ ಓನರ್ ಆಗಿರಲಿ, ಈ ಕಲಂಗಳು ಅವರಿಗೂ ಅನ್ವಯಿಸುತ್ತವೆ. ಠಾಣೆಗೆ ಹೋಗುವಾಗ ಸ್ಕ್ರೀನ್‌ಶಾಟ್‌ಗಳ ಪ್ರಿಂಟ್, ಕ್ಯಾಮೆರಾದ ಬಿಲ್, ಸೀರಿಯಲ್ ನಂಬರ್, ಫಿಟ್ ಮಾಡಿದವರ ಫೋನ್ ನಂಬರ್ ಜೊತೆಗಿರಲಿ. ಡಿವಿಆರ್ ಅನ್ನು ಪೊಲೀಸರು ವಶಕ್ಕೆ ಪಡೆದರೆ ಅದಕ್ಕೆ ಬರೆದುಕೊಟ್ಟ ಪಂಚನಾಮೆ ಪ್ರತಿ ಕೇಳಿ ಪಡೆಯಿರಿ.